ತಾಯ್ತನ ಕಲಿಸಿದ ಮನೆಗಳು

ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದವನು ಇಮ್ಮಡಿ ಭೈರವರಸ. ಅವನಿಗೆ ಪಟ್ಟ ಬಂದದ್ದು ತಂದೆಯಿಂದಲ್ಲ, ತಾಯಿ ಗುಮ್ಮಟಾಂಬೆಯ ಕಡೆಯಿಂದ, ಸೋದರಮಾವನ ಉತ್ತರಾಧಿಕಾರಿಯಾಗಿ. ಅರಸು ಮನೆತನಗಳಿಂದ ಹಿಡಿದು ಬಂಟರು, ಬಿಲ್ಲವರು, ಮೊಗವೀರರ ಮನೆಗಳವರೆಗೆ ತುಳುನಾಡಿನಲ್ಲಿ ನಡೆದುಬಂದ ಈ ಅಳಿಯಸಂತಾನ ಪದ್ಧತಿಯ ಬಗ್ಗೆ ಆಸ್ತಿ, ಪಾಲು, ಯಜಮಾನಿಕೆಯ ದೃಷ್ಟಿಯಿಂದ ಸಾಕಷ್ಟು ಬರೆದವರಿದ್ದಾರೆ. ನ್ಯಾಯಾಲಯದ ತೀರ್ಪುಗಳಲ್ಲೂ ಅದೇ ಮಾತು. ಆದರೆ ಆ ಪದ್ಧತಿ ಇನ್ನೊಂದು ಕೆಲಸವನ್ನೂ ಮಾಡಿತು, ಅದನ್ನು ಯಾವ ಶಾಸನವೂ ಬರೆದಿಡಲಿಲ್ಲ. ಹೆಣ್ಣೊಬ್ಬಳು ಮೊದಲ ಸಲ ತಾಯಿಯಾಗುವ ಹೊತ್ತಿಗೆ ಅವಳ ಸುತ್ತ ಅವಳದೇ ರಕ್ತದ ನಾಲ್ಕಾರು ತಾಯಂದಿರು ಇರುತ್ತಿದ್ದರು.

ಕುಟುಂಬದ ಮನೆ ಎಂದರೆ ಹಿರಿಯ ಹೆಂಗಸು, ಅವಳ ಹೆಣ್ಣುಮಕ್ಕಳು, ಅವರ ಮಕ್ಕಳು, ಜೊತೆಗೆ ಅವಳ ಅಣ್ಣತಮ್ಮಂದಿರು. ಮದುವೆಯಾದವಳು ಗಂಡನ ಮನೆಗೆ ಹೋದರೂ ಹುಟ್ಟಿದ ಮನೆಯ ಮೇಲಿನ ಅವಳ ಹಕ್ಕು ಅಳಿಯುತ್ತಿರಲಿಲ್ಲ. ಹಾಗಾಗಿ ಹೆರಿಗೆಗೆಂದು ಬಂದವಳು ನಂಟಳಾಗಿ ಬರುತ್ತಿರಲಿಲ್ಲ, ತನ್ನ ನೆಲಕ್ಕೆ ತಾನು ಬರುತ್ತಿದ್ದಳು. ಆ ಮನೆಯ ಹತ್ತು ಹನ್ನೆರಡರ ಹುಡುಗಿ ಚಿಕ್ಕಮ್ಮನ ಬಾಣಂತನ, ಅಕ್ಕನ ಬಾಣಂತನ, ದೊಡ್ಡಮ್ಮನ ಮಗಳ ಬಾಣಂತನ ಎಲ್ಲವನ್ನೂ ನೀರು ಹೊತ್ತು, ಬಟ್ಟೆ ಒಣಗಿಸಿ, ತೊಟ್ಟಿಲು ತೂಗಿ ಕಂಡಿರುತ್ತಿದ್ದಳು. ತನ್ನ ಸರದಿ ಬಂದಾಗ ಮಗುವಿನ ಕುತ್ತಿಗೆಯ ಕೆಳಗೆ ಕೈ ಎಲ್ಲಿ ಇಡಬೇಕೆಂಬುದು ಅವಳಿಗೆ ಹೊಸ ವಿಷಯವಲ್ಲ. ಶಿವಳ್ಳಿ ಬ್ರಾಹ್ಮಣರು, ಗೌಡ ಸಾರಸ್ವತರು, ಕೊಂಕಣಿ ಕ್ರೈಸ್ತರ ಆಸ್ತಿ ತಂದೆಯ ಕಡೆಯಿಂದ ಇಳಿಯುತ್ತಿತ್ತಾದರೂ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದನ್ನು ಅವರೂ ಬಿಡಲಿಲ್ಲ.

ಕಲಿಕೆಯ ಮೊದಲ ಹೆಜ್ಜೆ ಬಯಕೆ, ಅಂದರೆ ಸೀಮಂತ. ಹೂ ಮುಡಿಸಿ, ಹೊಸ ಸೀರೆ ಉಡಿಸಿ, ಬಸುರಿಗೆ ಇಷ್ಟದ ತಿಂಡಿಗಳನ್ನು ಎಲೆಯ ತುಂಬ ಬಡಿಸುವ ದಿನ. ಹತ್ತು ಮನೆಯ ಹೆತ್ತವರು ಸೇರುತ್ತಿದ್ದರು. ತಮ್ಮ ತಮ್ಮ ಹೆರಿಗೆಯ ಕತೆಗಳನ್ನು, ಹೆದರಿದ್ದನ್ನೂ ನೋವು ತಿಂದದ್ದನ್ನೂ, ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಿದ್ದ ಸಭೆ ಅದು.

ಹೆರಿಗೆಯಾದ ಮೇಲೆ ಅವಳು ತುಳುವಿನಲ್ಲಿ ಪೆದ್ಮೆದಿ. ಮನೆಗೆ ಅಮೆ, ಅಂದರೆ ಹೆರಿಗೆಯ ಸೂತಕ. ಅಮೆ ಕಳೆಯಲು ಮಡಿವಾಳಗಿತ್ತಿ ಬರಬೇಕು; ಅವಳು ತಂದ ಮಡಿ ಬಟ್ಟೆಯಿಲ್ಲದೆ ಶುದ್ಧವಿಲ್ಲ. ಹಂಡೆಯಲ್ಲಿ ಕುದಿದ ನೀರು, ಮೈಗೆ ಎಣ್ಣೆ, ಹೊಟ್ಟೆಗೆ ಬಟ್ಟೆಯ ಕಟ್ಟು. ಮೆಂತೆಯ ಗಂಜಿ, ಬೆಳ್ಳುಳ್ಳಿ, ಕಾಳುಮೆಣಸು, ಓಲೆಬೆಲ್ಲ ಹಾಕಿ ಕಾಯಿಸಿದ ಲೇಹ. ಕಡಲ ಬದಿಯ ಕಾಪು, ಮಲ್ಪೆ, ಪಡುಬಿದ್ರಿಯ ಮನೆಗಳಲ್ಲಿ ಹಾಲು ಹೆಚ್ಚಲೆಂದು ತಾಟೆ ಮೀನಿನ ಸಾರು. ಮಗುವನ್ನು ಮೀಯಿಸುವುದು ಎಲ್ಲರ ಕೈಗೆ ಕೊಡುವ ಕೆಲಸವಲ್ಲ. ಪಳಗಿದ ಮುದುಕಿ ಕಾಲು ನೀಡಿ ಕೂತು, ಮೊಣಕಾಲಿನಿಂದ ಪಾದದವರೆಗೆ ಮಗುವನ್ನು ಬೋರಲಾಗಿ ಮಲಗಿಸಿ, ಎಣ್ಣೆ ತಿಕ್ಕಿ, ನೀರು ಹೊಯ್ಯುತ್ತಿದ್ದಳು. ಹೊಸ ತಾಯಿ ಬಾಗಿಲ ಬಳಿ ಕೂತು ನೋಡುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಮುದುಕಿ ಅವಳನ್ನೇ ಕೂರಿಸಿ, ತಾನು ಪಕ್ಕದಲ್ಲಿ ಚೊಂಬು ಹಿಡಿದು ನಿಲ್ಲುತ್ತಿದ್ದಳು. ಮಾತು ಕಡಿಮೆ, ಕೈ ಕೈಯನ್ನು ನೋಡಿ ಕಲಿಯುವುದು. ಎದೆಗೆ ಮಗುವನ್ನು ಹಿಡಿಯುವುದು, ಅಳುವಿನಲ್ಲಿ ಹಸಿವಿನದು ಯಾವುದು, ಹೊಟ್ಟೆನೋವಿನದು ಯಾವುದು ಎಂದು ತಿಳಿಯುವುದು, ಬಜೆ ತೇಯುವುದು, ಎಲ್ಲವೂ ಹೀಗೆಯೇ ದಾಟುತ್ತಿದ್ದುವು.

ಮನೆಯೊಳಗಷ್ಟೇ ಅಲ್ಲ, ಗದ್ದೆಯಲ್ಲೂ ಪಾಠ ನಡೆಯುತ್ತಿತ್ತು. ನೇಜಿ ನೆಡುವ ಹೆಂಗಸರು ಹಾಡುತ್ತಿದ್ದ ಪಾಡ್ದನಗಳಲ್ಲಿ ಸಿರಿಯ ಕತೆಯೂ ಒಂದು. ಬಯಕೆಯ ದಿನ ಗಂಡ ಕಾಂತು ಪೂಂಜ ತಂದ ಸೀರೆ ಬೇರೊಬ್ಬಳು ಉಟ್ಟುಬಿಟ್ಟದ್ದೆಂದು ತಿಳಿದು, ಅದನ್ನು ಉಡದೆ ನಿರಾಕರಿಸಿದವಳು ಸಿರಿ. ದಾಸಿ ದಾರುವಿನ ಜೊತೆ ತನ್ನ ದಾರಿ ತಾನು ಹಿಡಿದವಳು. ಅವಳ ಮಗ ಕುಮಾರ, ಮಗಳು ಸೊನ್ನೆ, ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ದಾರಗ: ಕತೆ ತಲೆಮಾರಿನಿಂದ ತಲೆಮಾರಿಗೆ ಹೆಣ್ಣಿನ ದಾರಿಯಲ್ಲೇ ಸಾಗುತ್ತದೆ. ಮಾಚಾರು ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಪ್ರಕಟವಾದ ಆ ಮಹಾಕಾವ್ಯಕ್ಕೆ 15,683 ಸಾಲು. ಕಾರ್ಕಳ ತಾಲೂಕಿನ ನಂದಳಿಕೆ, ಉಡುಪಿ ಬಳಿಯ ಹಿರಿಯಡ್ಕದ ಸಿರಿ ಜಾತ್ರೆಗಳಲ್ಲಿ ಇಂದಿಗೂ ಹೆಂಗಸರು ಸಾಲಾಗಿ ನಿಂತು ಹಿಂಗಾರದ ಹೂ ಹಿಡಿದು ಸಿರಿ, ಸೊನ್ನೆ, ಅಬ್ಬಗ, ದಾರಗರಾಗುತ್ತಾರೆ. ಹೊಸಬಳು ಅಲ್ಲಿಯೂ ಹಳಬಳ ಪಕ್ಕದಲ್ಲೇ ನಿಲ್ಲುತ್ತಾಳೆ. ತಾಯಿಯಾದವಳ ಮಾನ ಏನೆಂದು ಈ ನಾಡಿನ ಹೆಣ್ಣುಮಕ್ಕಳು ತಿಳಿದದ್ದರಲ್ಲಿ ಸಿರಿಯ ಪಾಲು ದೊಡ್ಡದು.

ಹಳೆಯದನ್ನೆಲ್ಲ ಹೊಗಳುವಂತಿಲ್ಲ. ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಬಾಣಂತಿಗೆ ಕುಡಿಯುವ ನೀರನ್ನೂ ಅಳೆದು ಕೊಡುವುದು, ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಕೂಡಿಹಾಕುವುದು, ಇವೂ ಅದೇ ಹಿರಿಯರಿಂದ ಅದೇ ಕಿರಿಯರಿಗೆ ದಾಟಿದುವು. ಹೆರಿಗೆಯಲ್ಲಿ ಮಗು ಅಡ್ಡ ಬಿದ್ದರೆ, ರಕ್ತ ನಿಲ್ಲದಿದ್ದರೆ, ಪಳಗಿದ ಕೈಗೂ ಮಾಡಲು ಏನೂ ಉಳಿಯುತ್ತಿರಲಿಲ್ಲ. ಬಟ್ಟೆ ಒಗೆದ, ನೀರು ಕಾಯಿಸಿದ, ಹೊಕ್ಕುಳ ಬಳ್ಳಿ ಕತ್ತರಿಸಿದ ಹೆಂಗಸರಿಗೆ ಸಿಕ್ಕದ್ದು ಸೇರು ಅಕ್ಕಿ, ಒಂದು ಸೀರೆ. ಅವರ ತಿಳಿವಳಿಕೆಗೆ ಗೌರವ ಬರಲು ಎಷ್ಟು ಕಾಲ ಹಿಡಿಯಿತೆಂದರೆ, ಅಜ್ಜಿಯ ಜೊತೆ ಹೋಗಿ ಹೆರಿಗೆ ಕಲಿತ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಬದಲಾವಣೆಯ ಮೊದಲ ದೊಡ್ಡ ಹೆಜ್ಜೆ ಉಡುಪಿಯಲ್ಲಿ ಬಿದ್ದದ್ದು 1923ರಲ್ಲಿ. ಬಾಸೆಲ್ ಮಿಷನ್ನಿನ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಆಗ ಆಸ್ಪತ್ರೆ ತೆರೆದರು. ಅದೇ ಇಂದಿನ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಗಂಡಸಿನ ಮುಂದೆ ಹೊಟ್ಟೆನೋವನ್ನೂ ಹೇಳಿಕೊಳ್ಳದ ಹೆಂಗಸರಿಗೆ ಹೆಣ್ಣೊಬ್ಬಳು ಡಾಕ್ಟರಾಗಿ ಸಿಕ್ಕದ್ದು ಸಣ್ಣ ಸಂಗತಿಯಲ್ಲ. ಮುಂದೆ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದಲ್ಲಿ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ ನಡೆಯಿತು. 2017ರಲ್ಲಿ ಅದಕ್ಕೆ ಹೊಸ ಕಟ್ಟಡ ಬಂದಾಗ ಕಾಪುವಿನಲ್ಲಿ ಹುಟ್ಟಿದ ಉದ್ಯಮಿ ಬಿ.ಆರ್. ಶೆಟ್ಟಿಯವರ ತಂದೆತಾಯಿಯರ ಹೆಸರೂ ಸೇರಿ, ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ ತಾಯಿ ಮತ್ತು ಮಕ್ಕಳ ಆಸ್ಪತ್ರೆ ಎಂದಾಯಿತು. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದ್ದು 1953ರಲ್ಲಿ.

ಮಣಿಪಾಲದವರು ಮಾಡಿದ ಒಂದು ಕೆಲಸದ ಬಗ್ಗೆ ಸಾಕಷ್ಟು ಮಾತಾಗಿಲ್ಲ. ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗವು ಕಾಪು, ಮಲ್ಪೆ, ಅಲೆವೂರು ಮುಂತಾದ ಕಡೆ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳನ್ನು ನಡೆಸಿತು. ಬಸುರಿಯರ ತಪಾಸಣೆ, ಹೆರಿಗೆ, ಮಕ್ಕಳ ಲಸಿಕೆ ಎಲ್ಲಕ್ಕೂ ಊರಲ್ಲೇ ಇರುವ ದಾದಿ. ಆಕೆ ಮನೆಮನೆಗೆ ಹೋಗುತ್ತಿದ್ದುದರಿಂದ ಹಿರಿಯ ಹೆಂಗಸರ ಎದುರಿಗೇ ಮೊದಲ ಹಾಲು ಚೆಲ್ಲಬೇಡಿ, ನೀರು ಕೊಡಿ ಎನ್ನಬಹುದಿತ್ತು. ಅಜ್ಜಿಯ ಅನುಭವವೂ ದಾದಿಯ ವಿದ್ಯೆಯೂ ಒಂದೇ ಜಗಲಿಯಲ್ಲಿ ಕೂತು ಮಾತಾಡಬಲ್ಲ ಏರ್ಪಾಡು ಅದು. ಕರಾವಳಿಯ ತಾಯಂದಿರ ಚರಿತ್ರೆಯಲ್ಲಿ ಎತ್ತರದ ಕಟ್ಟಡಗಳಿಗಿಂತ ಈ ಸಣ್ಣ ಕೇಂದ್ರಗಳಿಗೆ ಹೆಚ್ಚಿನ ಜಾಗ ಸಲ್ಲಬೇಕು.

ಇತ್ತ ಮನೆಗಳು ಒಡೆಯುತ್ತಿದ್ದುವು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ತಾಯಿಯ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು, ನ್ಯಾಯವಾದದ್ದೇ. ಆದರೆ ಗುತ್ತು ಎನ್ನುವ ದೊಡ್ಡ ಜಮೀನುದಾರ ಮನೆಗಳಲ್ಲಿ ಇಪ್ಪತ್ತು ಮೂವತ್ತು ಜನ ಒಂದೇ ಒಲೆಯ ಅನ್ನ ಉಣ್ಣುವ ಕಾಲ ಮುಗಿಯಿತು. ಗಂಡಸರು ಮೊದಲು ಮುಂಬಯಿಗೆ, ಆಮೇಲೆ ಗಲ್ಫಿಗೆ ಹೋದರು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ರಾಜ್ಯದಲ್ಲೇ ಹೆಚ್ಚು. ಹೆಂಗಸರು ಊರಲ್ಲಿ ಉಳಿದರು, ಆದರೆ ಬೇರೆ ಬೇರೆ ಮನೆಗಳಲ್ಲಿ, ಒಬ್ಬೊಬ್ಬರಾಗಿ.

ಹೆರಿಗೆಯೂ ಮನೆಯಿಂದ ಹೊರಟಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುದು ಸುಮಾರು 38. 2019–21ರ ಹೊತ್ತಿಗೆ ಅದು 97. ಈ ಏರಿಕೆ ಉಳಿಸಿದ ಜೀವಗಳನ್ನು ನೆನೆದರೆ ಹಿಂದಕ್ಕೆ ಹೋಗುವ ಮಾತೇ ಬೇಡ. ಆದರೆ ಆಸ್ಪತ್ರೆ ನೋಡಿಕೊಳ್ಳುವುದು ಎರಡು ಮೂರು ದಿನ, ಸಿಸೇರಿಯನ್ ಆದರೆ ಇನ್ನೊಂದಷ್ಟು ದಿನ. ಹಳೆಯ ಮನೆ ನೋಡಿಕೊಳ್ಳುತ್ತಿದ್ದುದು ನಲವತ್ತು ದಿನ. ನಡುವಿನ ದಿನಗಳ ಪಾಠವನ್ನು ಯಾರೂ ವಹಿಸಿಕೊಳ್ಳಲಿಲ್ಲ. ಇಂದು ದುಬೈಗೋ ನ್ಯೂಜೆರ್ಸಿಗೋ ವಿಮಾನ ಹತ್ತುವ ಉಡುಪಿಯ ತಾಯಿಯ ಚೀಲದಲ್ಲಿ ಲೇಹದ ಭರಣಿ ಇರುತ್ತದೆ, ವೀಸಾದ ಅವಧಿ ಮುಗಿಯುವವರೆಗೆ ಮಗಳ ಜೊತೆ ಅವಳೊಬ್ಬಳೇ. ಮಣಿಪಾಲದ ಫ್ಲ್ಯಾಟುಗಳಲ್ಲಿ ಮಗುವನ್ನು ಮೀಯಿಸಲು ಸಂಬಳಕ್ಕೆ ಹೆಂಗಸು ಬರುತ್ತಾಳೆ. ಕೆಲಸ ಮುಗಿಸಿ ಮುಂದಿನ ಮನೆಗೆ ಓಡುತ್ತಾಳೆ, ಕಲಿಸಲು ಅವಳಿಗೆ ಪುರುಸೊತ್ತು ಎಲ್ಲಿ? ಎಷ್ಟೋ ಹೆಣ್ಣುಮಕ್ಕಳು ಜೀವನದಲ್ಲಿ ಮೊದಲು ಎತ್ತಿಕೊಳ್ಳುವ ಎಳೆಗೂಸು ತಮ್ಮದೇ ಆಗಿರುತ್ತದೆ.

ಈ ಕೊರತೆ ಬೇರೆ ನಾಡುಗಳಿಗೆ ಇನ್ನೂ ಮೊದಲೇ ಬಂದಿತ್ತು. ಎದೆಹಾಲೂಡುವುದನ್ನು ಹೇಳಿಕೊಡುವವರೇ ಇಲ್ಲದ ಅಮೆರಿಕದ ಇಲಿನಾಯ್‌ನಲ್ಲಿ 1956ರಲ್ಲಿ ಏಳು ತಾಯಂದಿರು ಸೇರಿ ಲಾ ಲೆಚೆ ಲೀಗ್ ಕಟ್ಟಿದರು. ತಾಯಿಗೆ ತಾಯಿಯೇ ಕಲಿಸುವುದು ಅದರ ರೀತಿ. ಜೀವ ಉಳಿಸುವ ಲೆಕ್ಕದಲ್ಲೂ ಪುರಾವೆ ಸಿಕ್ಕಿದೆ. ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ ಊರಿನದೇ ಹೆಂಗಸೊಬ್ಬಳು ತಿಂಗಳಿಗೊಮ್ಮೆ ಇತರ ಹೆಂಗಸರನ್ನು ಕೂಡಿಸಿ ಬಸುರು, ಹೆರಿಗೆ, ಎಳೆಗೂಸುಗಳ ತೊಂದರೆಗಳ ಬಗ್ಗೆ ಮಾತಾಡಿಸಿದಾಗ ನವಜಾತ ಶಿಶುಗಳ ಮರಣ ಸುಮಾರು ಶೇ. 30ರಷ್ಟು ಇಳಿಯಿತೆಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಜಾರ್ಖಂಡ್ ಮತ್ತು ಒಡಿಶಾಗಳಲ್ಲಿ ಏಕಜುಟ್ ಸಂಸ್ಥೆ ಇದೇ ಬಗೆಯ ಗುಂಪುಗಳನ್ನು ನಡೆಸಿ ಅಷ್ಟೇ ಗಟ್ಟಿಯಾದ ಫಲ ಕಂಡಿತು. ಆ ವರದಿ ಬಂದದ್ದು 2010ರಲ್ಲಿ. ಹೊಸ ಯಂತ್ರ ಬೇಕಾಗಲಿಲ್ಲ. ಹೆಂಗಸರು ಒಟ್ಟಿಗೆ ಕೂತರು, ಒಬ್ಬರದನ್ನು ನೋಡಿ ಒಬ್ಬರು ಕಲಿತರು.

ಕರ್ನಾಟಕದಲ್ಲಿ ಇಂಥ ಕೂಟಗಳಿಗೆ ಬೇಕಾದ ಜಾಗ ಈಗಾಗಲೇ ಇದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ರಾಜ್ಯದ ಟಿ. ನರಸೀಪುರದಲ್ಲಿ 1975ರಲ್ಲೇ ಶುರುವಾಯಿತು. ಇಂದು ಅದರ ಅಂಗನವಾಡಿಯಿಲ್ಲದ ಊರು ಸಿಗದು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರನ್ನು ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಕರೆಯಿತು. ಗುಡ್ಡ, ತೋಟ, ಗದ್ದೆಗಳ ನಡುವೆ ಮನೆಗಳು ಚದುರಿರುವ ಕರಾವಳಿಯಲ್ಲಿ, ಬಾಣಂತಿ ಹೊಸ್ತಿಲು ದಾಟಬಾರದೆನ್ನುವ ಮನೆಗಳಲ್ಲಿ, ಊಟಕ್ಕಾಗಿ ಅಷ್ಟು ದೂರ ನಡೆದು ಬರುವುದು ಕಷ್ಟವಾಯಿತು. ಯೋಜನೆ ಮಾಡಿದವರು ಇಲ್ಲಿನ ಬಾಣಂತನವನ್ನು ಹತ್ತಿರದಿಂದ ನೋಡಿದ್ದರೆ ಊಟವನ್ನು ಅವಳಲ್ಲಿಗೆ ಕಳಿಸಿ, ಅವಳಿರುವಲ್ಲಿಗೇ ಇತರ ತಾಯಂದಿರನ್ನೂ ಕಳಿಸುತ್ತಿದ್ದರು.

ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಮೊಗವೀರ ಮಹಿಳಾ ಸಭೆಗಳು, ಬಂಟರ ಮತ್ತು ಬಿಲ್ಲವರ ಸಂಘಗಳು, ಊರಿನ ಸ್ತ್ರೀಶಕ್ತಿ ಗುಂಪುಗಳು ಮನಸ್ಸು ಮಾಡಿದರೆ ಕಾಪುವಿನಿಂದ ಕಾರ್ಕಳದವರೆಗೆ ಪ್ರತಿ ಊರಿನಲ್ಲೂ ತಿಂಗಳಿಗೊಮ್ಮೆ ಹೊಸ ತಾಯಂದಿರನ್ನೂ ಹೆತ್ತು ಸಾಕಿದ ಹಿರಿಯರನ್ನೂ ಒಬ್ಬ ದಾದಿಯನ್ನೂ ಒಂದೆಡೆ ಕೂರಿಸಬಹುದು. ಹಿರಿಯ ಹೆಂಗಸರೇ ಇದಕ್ಕೆ ಮುಂದೆ ಬರಬೇಕು. ನಿಮ್ಮ ಬೀದಿಯಲ್ಲಿ ಈ ವಾರ ಮಗು ಹುಟ್ಟಿದ ಮನೆಯಿದ್ದರೆ ಅಲ್ಲಿಗೆ ಹೋಗಿ, ಆ ತಾಯಿಯ ಪಕ್ಕದಲ್ಲಿ ಒಂದು ಗಂಟೆ ಕೂತು ಬನ್ನಿ.