ಆಫ್ರಿಕದ ಹಳೆಯ ಐರೋಪ್ಯ ನಕ್ಷೆಗಳಲ್ಲಿ ಐತಿಹ್ಯಗಳು

ಯುರೋಪಿನವರು 19ನೆಯ ಶತಮಾನದ ಕೊನೆಯವರೆಗೂ ಬರೆದ ಆಫ್ರಿಕದ ನಕ್ಷೆಗಳಲ್ಲಿ ಕಣ್ಣಾರೆ ಕಂಡದ್ದರ ಪಕ್ಕದಲ್ಲೇ ಕಿವಿಯಾರೆ ಕೇಳಿದ್ದೂ ಜಾಗ ಪಡೆದಿತ್ತು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟುವ ಹೊತ್ತಿಗೆ ಪೋರ್ಚುಗೀಸ್ ನಾವಿಕರಿಗೆ ಖಂಡದ ಕರಾವಳಿಯ ರೂಪರೇಖೆ ಹೆಚ್ಚುಕಡಿಮೆ ತಿಳಿದಿತ್ತು. ಒಳನಾಡಿಗೆ ಮಾತ್ರ ಪ್ರಾಚೀನ ಗ್ರಂಥಗಳು, ವರ್ತಕರ ಮಾತುಗಳೇ ಆಧಾರ. ನಕ್ಷೆ ಅಚ್ಚುಹಾಕುವ ತಾಮ್ರದ ಫಲಕವನ್ನು ಹೊಸದಾಗಿ ಕೆತ್ತಿಸುವುದು ದುಬಾರಿಯಾದ್ದರಿಂದ ಹಳೆಯ ಫಲಕಗಳೇ ಬಳಕೆಯಲ್ಲಿ ಉಳಿದವು; ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡುತ್ತ ಹೋದರು.

ಹೀಗೆ ಉಳಿದ ಐತಿಹ್ಯಗಳಲ್ಲಿ ಹಳೆಯದು ಚಂದ್ರಪರ್ವತ. ಅದರ ಹಿಮ ಕರಗಿ ಎರಡು ಸರೋವರಗಳಿಗಿಳಿದು ನೈಲ್ ನದಿಯಾಗುತ್ತದೆ ಎಂಬುದು ಪ್ರಾಚೀನ ಪಂಡಿತ ಟಾಲೆಮಿಯ ಭೂಗೋಳ ಗ್ರಂಥದ ವಿವರಣೆ. ಉಗಾಂಡ–ಕಾಂಗೊ ಗಡಿಯ ರುವೆಂಜೋರಿಯೇ (5,109 ಮೀ.) ಆ ಪರ್ವತವೆಂದು ಅನ್ವೇಷಕ ಸ್ಟ್ಯಾನ್ಲಿ ಮುಂದೆ ಗುರುತಿಸಿದ. ಅಲ್ಲಿ ಹಿಮವಿರುವುದೂ ಅದರ ನೀರು ನೈಲ್ ಸೇರುವುದೂ ನಿಜವಾದ್ದರಿಂದ ಇದನ್ನು ಬರಿಯ ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. ಪ್ರೆಸ್ಟರ್ ಜಾನ್ ಎಂಬ ಕ್ರೈಸ್ತ ಪುರೋಹಿತ-ರಾಜನ ರಾಜ್ಯವನ್ನು ಮೊದಲು ಏಷ್ಯದಲ್ಲಿ ಹುಡುಕಿದರು. ಅಲ್ಲಿ ಸಿಗದಾಗ ಅದು ಇಥಿಯೋಪಿಯಕ್ಕೆ ಸ್ಥಳಾಂತರವಾಯಿತು. 1573ರಲ್ಲಿ ನಕ್ಷೆಗಾರ ಓರ್ಟೇಲಿಯಸ್ ಅದಕ್ಕೆ ಪ್ರತ್ಯೇಕ ನಕ್ಷೆಯನ್ನೇ ಪ್ರಕಟಿಸಿದ. ಸೆಬಾಸ್ಟಿಯನ್ ಮ್ಯುನ್‌ಸ್ಟರ್ 16ನೆಯ ಶತಮಾನದ ನಡುವೆ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಗಿನಿ ಕೊಲ್ಲಿಯ ಹತ್ತಿರ ಒಕ್ಕಣ್ಣಿನ ಮನುಷ್ಯನೊಬ್ಬ ಕೂತಿದ್ದಾನೆ, ದಕ್ಷಿಣದಲ್ಲಿ ದೊಡ್ಡದೊಂದು ಆನೆ ನಿಂತಿದೆ. ಆದರೆ ಚಿತ್ರ ಕಂಡಲ್ಲೆಲ್ಲ ಸುಳ್ಳು ಎಂದುಕೊಳ್ಳಬಾರದು. 1375ರ ಕ್ಯಾಟಲನ್ ಅಟ್ಲಾಸಿನಲ್ಲಿ ಕಿರೀಟ ತೊಟ್ಟು, ಕೈಯಲ್ಲಿ ಚಿನ್ನದ ಗುಂಡು ಹಿಡಿದವನು ಮಾಲಿಯ ಮಾನ್ಸಾ ಮೂಸ. 1324ರಲ್ಲಿ ಮೆಕ್ಕಾ ಯಾತ್ರೆ ಮಾಡಿದ ನಿಜವಾದ ಅರಸ.

1749ರಲ್ಲಿ ಫ್ರಾನ್ಸಿನ ನಕ್ಷೆಗಾರ ದ'ಆನ್‌ವಿಲ್ ಆಧಾರವಿಲ್ಲದ್ದನ್ನೆಲ್ಲ ಅಳಿಸಿ ಒಳನಾಡನ್ನು ಬಹುಮಟ್ಟಿಗೆ ಖಾಲಿ ಬಿಟ್ಟ. ಇಷ್ಟಕ್ಕೆ ಐತಿಹ್ಯಗಳ ಕಾಲ ಮುಗಿಯಬೇಕಿತ್ತು. ವಿಚಿತ್ರವೆಂದರೆ, ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ಕಲ್ಪನೆ ಹುಟ್ಟಿದ್ದು ಅದಾದ ಮೇಲೆ, ಅದೂ ಪಳಗಿದ ಮೋಜಣಿದಾರನೊಬ್ಬನ ಕೈಯಲ್ಲಿ. ಜೇಮ್ಸ್ ರೆನೆಲ್ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದವನು. ಭಾರತದ ನಕ್ಷೆಯಿಂದ ಹೆಸರಾದವನು. ಪಶ್ಚಿಮ ಆಫ್ರಿಕದಲ್ಲಿ ಸಂಚರಿಸಿದ ಮಂಗೊ ಪಾರ್ಕ್, ದೂರದಲ್ಲಿ ಕೆಲವು ಶಿಖರಗಳು ಕಂಡವೆಂದೂ ಅವು ಕಾಂಗ್ ಎಂಬ ರಾಜ್ಯದಲ್ಲಿವೆಯೆಂದು ಜನ ಹೇಳಿದರೆಂದೂ ತಿಳಿಸಿದ್ದ. 1799ರಲ್ಲಿ ಬಂದ ಪಾರ್ಕ್‌ನ ಪುಸ್ತಕಕ್ಕೆ ನಕ್ಷೆ ಬರೆದ ರೆನೆಲ್ ಆ ಶಿಖರಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಹಬ್ಬಿದ ಪರ್ವತಶ್ರೇಣಿಯಾಗಿ ಬೆಳೆಸಿದ. ಅದು ಅವನ ವಾದಕ್ಕೆ ಬೇಕಾಗಿತ್ತು: ನೈಜರ್ ನದಿ ಪೂರ್ವಕ್ಕೆ ಹರಿದು ಒಳನಾಡಿನಲ್ಲೇ ಇಂಗುತ್ತದೆ ಎನ್ನಬೇಕಾದರೆ ಅದು ದಕ್ಷಿಣದ ಕಡಲಿಗೆ ತಿರುಗದಂತೆ ತಡೆಯುವ ಗೋಡೆಯೊಂದಿರಬೇಕು. 1805ರ ಜಾನ್ ಕ್ಯಾರಿಯ ನಕ್ಷೆಯಲ್ಲಿ ಈ ಶ್ರೇಣಿ ಚಂದ್ರಪರ್ವತಕ್ಕೇ ಹೋಗಿ ಕೂಡಿಕೊಂಡಿದೆ. ನೈಜರ್ ಗಿನಿ ಕೊಲ್ಲಿಗೇ ಸೇರುತ್ತದೆಂದು ಅನ್ವೇಷಕರಾದ ಲ್ಯಾಂಡರ್ ಸಹೋದರರು 1830ರಲ್ಲಿ ತೋರಿಸಿಕೊಟ್ಟಾಗ ಗೋಡೆಯ ಅಗತ್ಯ ತೀರಿತು. ಗೋಡೆ ಮಾತ್ರ ಬೀಳಲಿಲ್ಲ.

ಫ್ರೆಂಚ್ ಸೇನಾಧಿಕಾರಿ ಲೂಯಿ-ಗುಸ್ತಾವ್ ಬಿಂಜೆ 1888ರಲ್ಲಿ ಕಾಂಗ್ ಪಟ್ಟಣ ತಲುಪಿ ಸುತ್ತ ನೋಡಿದಾಗ ಪರ್ವತಶ್ರೇಣಿಯ ಸುಳಿವೇ ಇರಲಿಲ್ಲ. ಆಮೇಲೆ ಅದು ನಕ್ಷೆಗಳಿಂದ ಒಂದೊಂದಾಗಿ ಮರೆಯಾಯಿತಾದರೂ 1928ರ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಅಟ್ಲಾಸಿನಲ್ಲಿ ಇನ್ನೂ ಉಳಿದಿತ್ತು. ಕಾಂಗ್ ಊರು ಈಗಲೂ ಐವರಿ ಕೋಸ್ಟಿನ ಉತ್ತರದಲ್ಲಿದೆ. ಅಲ್ಲಿನ ಮಣ್ಣಿನ ಮಸೀದಿಗಳು 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ.