ಬೆಣ್ಣೆ ಕಲಿಸಿದ ಯೂರೋಪಿನ ಪಾಠ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ನೆಲ ಕೊರೆಯುತ್ತಾ ಹೋದರೆ ಭೂಮಿಯ ಆಚೆ ಬದಿಯಲ್ಲಿ ಸಿಗುವುದು ಸ್ಪೇನಿನ ವಾಯವ್ಯ ಮೂಲೆ. ಯೂರೋಪಿಗೆ ಅಷ್ಟು ದೂರದ ಈ ಊರಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಲ್ಲೇ 2000ದಲ್ಲಿ ಯೂರೋಪ್ ಕುರಿತ ರಾಷ್ಟ್ರೀಯ ಸಂಶೋಧನಾ ಕೇಂದ್ರ ಆರಂಭವಾಯಿತು. ಇದೇಕೆ ಎಂದರೆ, ನನ್ನ ಮಟ್ಟಿಗೆ ಅದರ ಬೇರು ಬೆಣ್ಣೆಯಲ್ಲಿದೆ.

1950ರಲ್ಲಿ ಆ ದೇಶದ ರಫ್ತಿನ ಸುಮಾರು ಮೂರನೇ ಎರಡು ಭಾಗ ಬ್ರಿಟನ್ನಿಗೇ ಹೋಗುತ್ತಿತ್ತು. 1973ರಲ್ಲಿ ಬ್ರಿಟನ್ ಯೂರೋಪಿಯನ್ ಸಮುದಾಯವನ್ನು ಸೇರಿತು. ಅಲ್ಲಿಂದ ಮುಂದೆ ಲಂಡನ್ನಿಗೆ ಎಷ್ಟು ಬೆಣ್ಣೆ ಬರಬೇಕೆಂಬ ಚೌಕಾಶಿ ನಡೆದದ್ದು ಬ್ರಸೆಲ್ಸ್‌ನಲ್ಲಿ. ಬ್ರಿಟನ್ನನ್ನು ‘ಮನೆ’ ಎಂದೇ ಕರೆಯುತ್ತಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಅಪರಿಚಿತ ಯೂರೋಪನ್ನು ಅರಿಯಲೇಬೇಕಾಯಿತು. ಕೇಂದ್ರ ಬಂದದ್ದು ತಡವಾಯಿತೆಂದೇ ಹೇಳಬೇಕು.

ಯೂರೋಪಿನವರು ದೂರದ ಜನರನ್ನು ಅಧ್ಯಯನ ಮಾಡಿದ್ದು ಹಳೆಯ ಕತೆ. ಈ ಕೇಂದ್ರ 2002ರಲ್ಲಿ ತಿರುವುಮುರುವು ಕೆಲಸಕ್ಕೆ ಕೈಹಾಕಿತು: ಏಷ್ಯಾ–ಪೆಸಿಫಿಕ್ ದೇಶಗಳ ಪತ್ರಿಕೆ, ಟಿ.ವಿ. ಸುದ್ದಿಗಳಲ್ಲಿ ಯೂರೋಪಿಯನ್ ಒಕ್ಕೂಟ ಹೇಗೆ ಕಾಣುತ್ತದೆಂದು ಅಳೆಯತೊಡಗಿತು.