ಖರೇದಿಗೆ ಮೊದಲ ಗ್ವಾಡಿ ಬಡದು ನೋಡಿದವರ ಕಥಿ

ನಮ್ಮ ಕಡೆ ಮನಿ ತೊಗೊಳ್ಳಿಕ್ಕೆ ಹೋದ್ರ ಮೊದಲ ಉತಾರ ನೋಡ್ತಾರ. ಬೋಜಾ ಏನರ ಅದನೋ ಅಂತ ವಕೀಲರಿಗೆ ತೋರಸ್ತಾರ. ಆಮ್ಯಾಲೆ ವಾಸ್ತು ನೋಡವರನ್ನ ಕರಕೊಂಡು ಹೋಗ್ತಾರ. ಇಷ್ಟೆಲ್ಲಾ ಆದ ಮ್ಯಾಲೆ ನಾವು ಹೆಣ್ಣಮಕ್ಕಳು ಹೋಗಿ ಅಡಗಿ ಮನಿ ಎಷ್ಟ ದೊಡ್ಡದದ, ದೇವರ ಮನಿ ಎಲ್ಲೆ, ನಳಾ ಎಷ್ಟ ದಿನಕ್ಕೊಮ್ಮೆ ಬರ್ತಾವ ಅಂತ ಕೇಳಿ ಬರ್ತೇವಿ. ಆದ್ರ ಗ್ವಾಡಿ ಒಳಗ ಏನದ, ಅಟ್ಟದ ಮ್ಯಾಲೆ ಏನದ, ಪಾಯಾ ಗಟ್ಟಿ ಅದನೋ ಇಲ್ಲೋ ಅಂತ ನೋಡ್ಲಿಕ್ಕೆ ರೊಕ್ಕಾ ಕೊಟ್ಟು ಒಬ್ಬರನ್ನ ಕರಸೋದು ನಮ್ಮಲ್ಲೆ ಇನ್ನೂ ರೂಢಿ ಆಗಿಲ್ಲ. ಕರಸಿದ್ರ ಮಾರೋವ್ರಿಗೆ ಸಿಟ್ಟು ಬರ್ತದ, ನಮ್ಮ ಮ್ಯಾಲೆ ವಿಶ್ವಾಸ ಇಲ್ಲೇನು ಅಂತಾರ.

ಇದನ್ನ ಈಗ ಯಾಕ ಬರೀಲಿಕ್ಕೆ ಕೂತೆ ಅಂದ್ರ, ನಮ್ಮ ಓಣ್ಯಾಗಿನ ವೈನಿಯೊಬ್ಬರು ಇಪ್ಪತ್ತು ವರ್ಷದ ಹಳೇ ಮನಿ ತೊಗೊಳೊ ವಿಚಾರದಾಗಿದ್ದಾರ. ಯಜಮಾನ್ರ ರಿಟೈರ್ ಆದಾಗ ಬಂದ ರೊಕ್ಕಾ ಪೂರಾ ಅದಕ್ಕ ಹಾಕೋವ್ರು. "ನಿಮ್ಮ ಮಗಳು ಅಮೇರಿಕಾದಾಗ ಮನಿ ತೊಗೊಳೊ ಮುಂದ ಯಾರೋ ಬಂದು ನೋಡಿದ್ರಂತಲ್ಲಾ, ಅದೇನದು?" ಅಂತ ಕೇಳಿದ್ರು. ಅಳಿಯಾ ಆಗ ಕಳಿಸಿದ್ದೆಲ್ಲಾ ಓದಿಕೊಂಡಿದ್ದೆ. ನಿಂತಲ್ಲೆ ಹೇಳಿ ಮುಗಿಯೊ ಮಾತಲ್ಲ ಅದು.

ಮಗಳು ಇರೋದು ಟೆಕ್ಸಾಸಿನ ಡಾಲಸ್ ಹತ್ರ. ಅಲ್ಲಿ ಮಣ್ಣು ನೋಡಿದ್ರ ನಮ್ಮ ನವಲಗುಂದದ ಎರಿ ಭೂಮಿ ನೆನಪಾಗ್ತದ. ಮಳಿ ಬಂದ್ರ ಉಬ್ಬತದ, ಬ್ಯಾಸಗ್ಯಾಗ ಬಿರಕ ಬಿಡತದ, ಮ್ಯಾಲಿನ ಮನಿನೂ ಎತ್ತಿ ಇಳಸ್ತದ. ಅಲ್ಲಿ ಮಂದಿ ಬ್ಯಾಸಗ್ಯಾಗ ಗಿಡಕ್ಕ ಹಾಕಿದಂಗ ಪಾಯಾದ ಸುತ್ತಲೂ ಪೈಪ್ ಇಟ್ಟು ನೀರು ಹಣಸ್ತಾರ ಅಂದ್ರ ನಂಬ್ತೀರೇನ್ರಿ? ನಾನು ನೋಡೇನಿ. ಅಂಥಾ ಊರಾಗ ಮಾತುಕತಿ ಆದ ಮ್ಯಾಲೆ, ಪೂರಾ ರೊಕ್ಕಾ ಕೊಡೊ ಮೊದಲ, ಹೋಮ್ ಇನ್ಸ್‌ಪೆಕ್ಟರ್ ಬರ್ತಾನ. ಏಣಿ, ಬ್ಯಾಟರಿ, ಗ್ವಾಡಿಗೆ ಹಚ್ಚಿದ್ರ ಹಸಿ ಎಷ್ಟದ ಅಂತ ತೋರಸೊ ಯಂತ್ರಾ, ಪ್ಲಗ್ಗಿನಾಗ ಅರ್ಥಿಂಗ್ ಅದನೋ ಇಲ್ಲೋ ನೋಡೊ ಸಣ್ಣ ಸಾಮಾನು, ಇಷ್ಟು ಅವನ ಬಂಡವಾಳ. ಮೂರು ತಾಸು ಮನಿ ತುಂಬ ಅಡ್ಡಾಡಿದಾ. ಎಲ್ಲಾ ನಳಾ ಬಿಟ್ಟು ನೋಡಿದಾ, ಮಾಳಿಗಿ ಹತ್ತಿದಾ, ಅಟ್ಟದಾಗ ತೂರಿದಾ. ಮರದಿನಾ ಫೋಟೋ ಸಮೇತ ರಿಪೋರ್ಟ್ ಬಂತು. ಅದನ್ನ ಇಟಗೊಂಡು ಮಗಳು ಮಾರೋವ್ರ ಜೊತಿ ರೇಟಿನ ಮಾತಾಡಿದ್ಲು. ಅಲ್ಲಿ ಯಾರೂ ಸಿಟ್ಟಾಗಲಿಲ್ಲ.

ಹಂಗಂತ ಅಮೇರಿಕಾದವರು ಹುಟ್ಟಾ ಶಾಣ್ಯಾರೇನಲ್ಲ. ಅಲ್ಲಿನೂ ಒಂದು ಕಾಲಕ್ಕ ಇಂಗ್ಲಂಡಿನಿಂದ ಬಂದ ಹಳೇ ನಿಯಮಾನ ನಡೀತಿತ್ತು. ಕೊಳ್ಳೋವ ತಾನ ಹುಷಾರ ಇರಬೇಕು, ಕೊಂಡ ಮ್ಯಾಲೆ ಅತ್ತರ ಕೇಳೋರಿಲ್ಲ, ಅಷ್ಟ. ಆಗಿನ ಕಾಲಕ್ಕ ಅದು ತಪ್ಪೂ ಅಲ್ಲ. ಕಟ್ಟಿದ ಗೌಂಡಿ ಊರವನ, ಮಾರೋವಾ ಪರಿಚಯದಾಂವನ, ಕಟ್ಟಿಗಿ ಯಾವ ಗಿಡದ್ದು ಅಂತನೂ ಮಂದಿಗೆ ಗೊತ್ತಿರ್ತಿತ್ತು. ನಮ್ಮಲ್ಲಿನೂ ಹಂಗ ಇತ್ತಲ್ಲಾ? ನಮ್ಮ ಅತ್ತಿಯವರು ವರ್ಷಾ ಮಳಿಗಾಲಕ್ಕ ಮೊದಲ ಮಾಳಿಗಿ ಮ್ಯಾಲೆ ಮಣ್ಣು ಹಾಕಸ್ತಿದ್ರು, ಒಳಗ ಬಂದು ಪಡಸಾಲಿ ಕಂಬಾ ಒಂದೊಂದ ಒನಕಿಯಿಂದ ಬಡದು ಕಿವಿ ಕೊಟ್ಟು ಕೇಳ್ತಿದ್ರು. ಪೊಳ್ಳ ಸಪ್ಪಳ ಬಂದ್ರ ಒಳಗ ಗೆದ್ದಲ ಹತ್ತೇದ ಅಂತ ಅರ್ಥ, ಮರದಿನಾನ ಬಡಿಗ್ಯಾ ಬರ್ತಿದ್ದಾ. ಯಾರೂ ಅವರಿಗೆ ಇನ್ಸ್‌ಪೆಕ್ಟರ್ ಅನ್ನಲಿಲ್ಲ, ಫೀ ಅಂತೂ ಕೊಡಲೇ ಇಲ್ಲ.

ಗೆದ್ದಲ ಅಂದ ಕೂಡಲೆ ಅಮೇರಿಕಾದ ಎರಡು ಖಟ್ಲೆ ಹೇಳಲಿಕ್ಕೇ ಬೇಕು. ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಟನ್ ಅನ್ನೊ ಊರಾಗ 1938ರಾಗ ಸ್ವಿಂಟನ್ ಅನ್ನವರು ಒಂದು ಬ್ಯಾಂಕಿನಿಂದ ಮನಿ ಕೊಂಡ್ರು. ಮನಿಗೆ ಗೆದ್ದಲ ಹತ್ತಿತ್ತು. ಅದು ಬ್ಯಾಂಕಿನವರಿಗೆ ಗೊತ್ತಿತ್ತು ಅಂತ ಸ್ವಿಂಟನ್ನರ ಫಿರ್ಯಾದಿ. ಇವರಿಗೆ ಗೊತ್ತಾಗಿದ್ದು ಎರಡು ವರ್ಷದ ಮ್ಯಾಲೆ. ಕೋರ್ಟಿಗೆ ಹೋದ್ರು, 1942ರಾಗ ಸೋತ್ರು. ಬ್ಯಾಂಕು ಸುಳ್ಳೂ ಹೇಳಿಲ್ಲ, ಅರ್ಧಾ ಖರೇನೂ ಹೇಳಿಲ್ಲ, ಸುಮ್ನ ಕೂತಿತ್ತು, ಸುಮ್ನ ಕೂಡೋದು ತಪ್ಪಲ್ಲ ಅಂತ ಕೋರ್ಟು ಹೇಳ್ತು. ಇದಕ್ಕ ತಪ್ಪು ಅಂದ್ರ ನಾಳೆ ಮನಿ ಮಾರಿದವರೆಲ್ಲಾ ಕಟಕಟ್ಯಾಗ ನಿಲ್ಲಬೇಕಾಗ್ತದ ಅನ್ನೋದು ಅವರ ವಾದಾ. ಹದಿನೆಂಟು ವರ್ಷ ಬಿಟ್ಟು, 1960ರಾಗ, ದೇಶದ ಆ ಕಡೆ ತುದಿಯ ವಾಷಿಂಗ್ಟನ್ ರಾಜ್ಯದಾಗ ಇಂಥಾದ ಗೆದ್ದಲದ ಖಟ್ಲೆ ಬಂತು. ಓಬ್ಡೆ ಅನ್ನೊ ಗಂಡಾ ಹೆಂಡತಿ ಬಾಡಿಗಿ ಮನಿಗಳಿದ್ದ ಒಂದು ಕಟ್ಟಡ ಕೊಂಡಿದ್ರು. ಮಾರಿದವರಿಗೆ ಗೆದ್ದಲ ಇದ್ದದ್ದು ಗೊತ್ತು, ಪೂರ್ತಿ ಕೆಲಸ ಮಾಡಸದನ ಮಾರಿದ್ರು. ಈ ಸಲ ಕೋರ್ಟು, ಕಣ್ಣಿಗೆ ಕಾಣದ ಅಪಾಯ ಗೊತ್ತಿದ್ದೂ ಹೇಳದ ಇದ್ರ ಅದು ಮೋಸಾನ ಅಂತು. ಹುಳಾ ಅದ, ಸುಮ್ನ ಕೂತದ್ದೂ ಅದ, ನ್ಯಾಯ ಮಾತ್ರ ತಿರುವುಮುರುವು ಆತು ನೋಡ್ರಿ.

ನಡುವ ಏನಾಗಿತ್ತು ಅಂದ್ರ ಎರಡನೇ ಮಹಾಯುದ್ಧ. ಸೈನಿಕರು ಹೊಳ್ಳಿ ಬಂದ್ರು, ಸರ್ಕಾರ ಸಾಲದ ಅನುಕೂಲ ಮಾಡಿಕೊಡ್ತು, ಎಲ್ಲಾರಿಗೂ ಮನಿ ಬೇಕಾತು. ನ್ಯೂಯಾರ್ಕಿನ ಹತ್ರ ಲೆವಿಟೌನ್ ಅಂತ 1947ರಾಗ ಸುರು ಮಾಡಿ ನಾಕೈದು ವರ್ಷದಾಗ 17,000ಕ್ಕಿಂತ ಹೆಚ್ಚು ಮನಿ ಎಬ್ಬಿಸಿದ್ರು, ಹಪ್ಪಳಾ ಲಟ್ಟಿಸಿದಂಗ. ಕಟ್ಟೋವಾ ಯಾರೋ, ಕೊಳ್ಳೋವಾ ಯಾರೋ. ಗೌಂಡಿ ಮಾರಿ ನೋಡಿ ಮನಿ ಕೊಳ್ಳೊ ಕಾಲ ಅಲ್ಲಿಗೆ ಮುಗೀತು.

ಈ ಇತಿಹಾಸದಾಗ ನನಗ ಭಾಳ ಹತ್ತಿರ ಅನಸೋದು ಟೆಕ್ಸಾಸಿನ ಶ್ರೀಮತಿ ಹಂಬರ್ ಅನ್ನೊ ವಿಧವಿ. ಮಾರ್ಟನ್ ಅನ್ನೊ ಬಿಲ್ಡರಿನಿಂದ ಹೊಸಾ ಮನಿ ತೊಗೊಂಡ್ರು. ಅಲ್ಲಿ ಥಂಡಿಗೆ ಮನಿ ಒಳಗ ಅಗ್ಗಿಷ್ಟಿಕಿ ಇರ್ತದಲ್ಲಾ, ಮೊದಲ ಸಲ ಅದಕ್ಕ ಉರಿ ಹಚ್ಚಿದ ದಿನಾನ ಮನಿಗೆ ಬೆಂಕಿ ಹತ್ತಿ ಅರ್ಧಮರ್ಧ ಸುಟ್ಟುಹೋತು. ಹೊಗಿ ಹೋಗೊ ಚಿಮಣಿ ಸರಿ ಕಟ್ಟಿದ್ದಿಲ್ಲ ಅಂತ ಖಟ್ಲೆ ಹಾಕಿದ್ರು. ಕೆಳಗಿನ ಕೋರ್ಟಿನಾಗ, ನೀವ ನೋಡಿ ತೊಗೋಬೇಕಿತ್ತು ಅನ್ನೊ ಹಳೇ ಹಾಡಿನ ಮ್ಯಾಲೆ ಸೋತ್ರು. ಕುಟುಂಬದ ಹಿರೇರು ಯಾರರ ಇದ್ದಿದ್ರ ಇಲ್ಲಿಗೆ ಬಿಡವಾ, ದೈವ ಅನ್ನತಿದ್ರೇನೋ. ಆಕಿ ಬಿಡಲಿಲ್ಲ. 1968ರಾಗ ಟೆಕ್ಸಾಸಿನ ಸುಪ್ರೀಂ ಕೋರ್ಟು ಆಕಿ ಮಾತು ಎತ್ತಿ ಹಿಡೀತು. ಬಿಲ್ಡರ್ ಹೊಸಾ ಮನಿ ಕಟ್ಟಿ ಮಾರಿದ ಅಂದ್ರ ಅದು ಕೆಲಸಗಾರರು ಮಾಡಬೇಕಾದ ರೀತಿಲೇ ಕಟ್ಟೇದ, ಮನಶ್ಯಾರು ಇರಲಿಕ್ಕೆ ಯೋಗ್ಯ ಅದ ಅಂತ ಅಂವಾ ಬಾಯಿಬಿಟ್ಟು ಹೇಳದಿದ್ರೂ ಮಾತು ಕೊಟ್ಟಂಗನ ಅಂತು. ವಿಚಾರ ಮಾಡ್ರಿ, ಚಿಮಣಿ ಒಳಗಿನ ಇಟ್ಟಂಗಿ ಯಾವ ಹೆಣ್ಣಮಗಳು, ಯಾವ ಗಂಡಸು ತಾನ ನೋಡಿಕೋಬಹುದು? ಅದನ್ನ ಓದಿದ ದಿನಾ ನನಗ ರಾತ್ರಿ ನಿದ್ದಿ ಹತ್ತಲಿಲ್ಲ.

ಆದ್ರ ಇದು ಹೊಸಾ ಮನಿಗಾತು. ಹಳೇದಕ್ಕ ಏನು? ಅಲ್ಲೇ ಈ ಇನ್ಸ್‌ಪೆಕ್ಟರ್‌ಗೋಳು ಕಾಲಿಟ್ಟಿದ್ದು. ಮೊದಮೊದಲ ಯಾರು ಬೇಕಾದ್ರೂ ಬ್ಯಾಟರಿ ಹಿಡದು ಬರ್ತಿದ್ರು. 1976ರಾಗ ಅವರದ ಒಂದು ದೇಶವ್ಯಾಪಿ ಸಂಘಾ ಆತು, ಅಮೇರಿಕನ್ ಸೊಸೈಟಿ ಆಫ್ ಹೋಮ್ ಇನ್ಸ್‌ಪೆಕ್ಟರ್ಸ್ ಅಂತ. ಏನೇನು ನೋಡಬೇಕು ಅಂತ ಬರದಿಟ್ರು. ಅವರ ನಿಯಮದಾಗ ನನಗ ಸೇರಿದ್ದು ಒಂದು: ಯಾವ ಮನಿ ನೋಡ್ತಾನೋ ಆ ಮನಿ ರಿಪೇರಿ ಕೆಲಸಾ ಅಂವಾ ಒಂದು ವರ್ಷ ಹಿಡೀಬಾರದು. ಇಲ್ಲಾಂದ್ರ ನೋಡಿದ್ದೆಲ್ಲಾ ಕೆಟ್ಟದ ಅಂತ ಹೇಳಿ ತಾನ ಕೆಲಸಾ ತೊಗೊಂಡಾನು. ನಮ್ಮ ವಾಟರ್‌ಪ್ರೂಫಿಂಗ್ ಮಂದಿ ಫುಕಟ್ ಚೆಕಿಂಗ್ ಅಂತ ಬಂದು ಏನು ಹೇಳ್ತಾರ ಅನ್ನೋದು ನಿಮಗೆಲ್ಲಾ ಗೊತ್ತದ.

ಅದ 1976ರಾಗ ಕ್ಯಾಲಿಫೋರ್ನಿಯಾದಾಗ ಈಸ್ಟನ್ ಅನ್ನೊ ಹೆಣ್ಣಮಗಳು 1,70,000 ಡಾಲರ್ ಕೊಟ್ಟು ಒಂದು ಎಕರೆ ಜಾಗಾ, ಈಜೊ ಹೊಂಡಾ, ಬಂದವರಿಗೆ ಬ್ಯಾರೆ ಮನಿ, ಹಿಂಗ ವೈಭವದ್ದೊಂದು ಆಸ್ತಿ ಕೊಂಡ್ರು. ಸ್ವಲ್ಪ ದಿನದಾಗ ಕೆಳಗಿನ ಮಣ್ಣು ಜಾರಲಿಕ್ಕೆ ಹತ್ತು. ತಗ್ಗಿನಾಗ ತುಂಬಿದ ಮಣ್ಣಿನ ಮ್ಯಾಲೆ ಕಟ್ಟಿದ ಮನಿ ಅದು, ಮೊದಲೂ ಮಣ್ಣು ಕುಸದಿತ್ತು, ಮಾರಿದವರು ಹೇಳಿದ್ದಿಲ್ಲ. ರಿಪೇರಿಗೆ 2,13,000 ಡಾಲರ್ ತನಕಾ ಹತ್ತತದ ಅಂತ ತಜ್ಞರು ಸಾಕ್ಷಿ ಹೇಳಿದ್ರು, ಕೊಂಡದ್ದಕ್ಕಿಂತ ಹೆಚ್ಚು! ನಡುವಿನ ಏಜೆಂಟರು ದಿಬ್ಬಕ್ಕ ಬಲಿ ಹಾಕಿದ್ದು ನೋಡಿದ್ರು, ಒಂದು ಫರಸಿ ಓರೆ ಆಗಿದ್ದೂ ನೋಡಿದ್ರು, ಯಾಕ ಅಂತ ಕೇಳಲಿಲ್ಲ. 1984ರಾಗ ಕೋರ್ಟು, ಏಜೆಂಟರೂ ಕಣ್ಣುಬಿಟ್ಟು ಮನಿ ನೋಡಬೇಕು, ಕಂಡದ್ದು ಕೊಳ್ಳೋವ್ರಿಗೆ ಹೇಳಬೇಕು ಅಂತ ತೀರ್ಪು ಕೊಡ್ತು. ಮುಂದ ಅದು ಕಾಯ್ದೇನೂ ಆತು. ಏಜೆಂಟರಿಗೆ ಹೆದರಿಕಿ ಹತ್ತಿತು. ನೀವ ಒಬ್ಬ ಇನ್ಸ್‌ಪೆಕ್ಟರನ್ನ ಕರಸಿಕೊಳ್ರಿ ಅಂತ ತಾವ ಹೇಳಲಿಕ್ಕೆ ಸುರು ಮಾಡಿದ್ರು. ಈ ಧಂದೆ ಬೆಳದಿದ್ದು ಅರ್ಧಾ ಧರ್ಮಕ್ಕ, ಅರ್ಧಾ ಹೆದರಿಕಿಗೆ ಅಂತ ನನ್ನ ಅನಿಸಿಕಿ. ಟೆಕ್ಸಾಸಿನಾಗ ಇವರಿಗೆ ಲೈಸೆನ್ಸ್ ಕಡ್ಡಾಯ ಆದದ್ದೂ ಆ ದಶಕದಾಗನ.

ಅದ 1984ರ ಇನ್ನೊಂದು ಕಥಿ ಹೇಳಿಬಿಡ್ತೇನಿ. ಪೆನ್ಸಿಲ್ವೇನಿಯಾದ ಅಣುವಿದ್ಯುತ್ ಕೇಂದ್ರದಾಗ ಕೆಲಸಾ ಮಾಡೊ ವಾಟ್ರಸ್ ಅನ್ನೊ ಇಂಜಿನಿಯರ್ ಹೋದಾಗೆಲ್ಲಾ ವಿಕಿರಣದ ಗಂಟಿ ಬಾರಸ್ತಿತ್ತು. ಆ ಕೇಂದ್ರ ಇನ್ನೂ ಕರೆಂಟ್ ಮಾಡಲಿಕ್ಕೆ ಸುರು ಸುದ್ದಾ ಮಾಡಿದ್ದಿಲ್ಲ. ನೋಡಿದ್ರ ವಿಷಾ ಇದ್ದದ್ದು ಅವರ ಮನ್ಯಾಗ! ಭೂಮಿಯೊಳಗಿಂದ ಪಾಯಾದ ಸಂದಿನಿಂದ ಬರೊ ರೇಡಾನ್ ಅನ್ನೊ ಗ್ಯಾಸು, ಬಣ್ಣಾ ಇಲ್ಲ, ವಾಸನಿ ಇಲ್ಲ, ಪುಪ್ಪುಸದ ಕ್ಯಾನ್ಸರ್ ತರ್ತದ. ಈಗ ಅಲ್ಲಿ ಭಾಳ ಕಡೆ ಮನಿ ಕೊಳ್ಳೊ ಮುಂದ ಅದನ್ನೂ ಅಳತಿ ಮಾಡಸ್ತಾರ. ಸೀಸದ ಬಣ್ಣದ್ದೂ ಹಂಗ. 1978ಕ್ಕಿಂತ ಮೊದಲ ಕಟ್ಟಿದ ಮನಿ ಇದ್ರ ಮಾರೋವ್ರು ಗೊತ್ತಿದ್ದದ್ದು ಹೇಳಬೇಕು, ಪರೀಕ್ಷಾ ಮಾಡಿಸಿಕೊಳ್ಳಲಿಕ್ಕೆ ಹತ್ತು ದಿನದ ಅವಕಾಶ ಕೊಡಬೇಕು.

ಇಷ್ಟೆಲ್ಲಾ ಆಗಿನೂ ಕರೋನಾ ಕಾಲಕ್ಕ ಅಲ್ಲಿ ಮನಿಗೆ ನಾ ಮುಂದ ನೀ ಮುಂದ ಅಂತ ಜಗಳಾ ಹತ್ತಿತ್ತಲ್ಲಾ, ಆಗ ಕೊಳ್ಳೋವ್ರು ತಾವ ಇನ್ಸ್‌ಪೆಕ್ಷನ್ ಬ್ಯಾಡ ಅಂತ ಬರದುಕೊಟ್ಟು ತೊಗೊಂಡ್ರು. ಕಡೀಕೆ ಮ್ಯಾಸಚೂಸೆಟ್ಸ್ ರಾಜ್ಯ, ಹೌದ್ರಿ, ಸ್ವಿಂಟನ್ನರು ಸೋತ ಅದ ರಾಜ್ಯ, ಪರೀಕ್ಷಾ ಬಿಟ್ಟುಕೊಟ್ರ ಮಾತ್ರ ಮನಿ ಕೊಡ್ತೇನಿ ಅಂತ ಮಾರೋವ್ರು ಹೇಳಬಾರದು ಅಂತ 2024ರಾಗ ಕಾಯ್ದೆ ಮಾಡ್ತು.

ನಮ್ಮ ದೇಶದಾಗ ಕಾಯ್ದೆ ಇಲ್ಲಂತಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ 55ನೇ ಕಲಮಿನಾಗ, ತನಗ ಗೊತ್ತಿದ್ದು ಕೊಳ್ಳೋವ್ರಿಗೆ ಗೊತ್ತಿಲ್ಲದ ದೊಡ್ಡ ದೋಷ ಇದ್ರ ಮಾರೋವಾ ಹೇಳಲೇಬೇಕು ಅಂತದ. ಸ್ವಿಂಟನ್ನರ ಖಟ್ಲೆಗೆ ಅರವತ್ತು ವರ್ಷ ಮೊದಲಿಂದು! ಆದ್ರ ಅದರಾಗ ಒಂದು ಗಂಟದ. ಸಾಧಾರಣ ಕಾಳಜಿಯಿಂದ ನೋಡಿದ್ರ ಕೊಳ್ಳೋವ್ರಿಗೇ ಕಾಣಬಹುದಾದ ದೋಷ ಇದರಾಗ ಬರಂಗಿಲ್ಲ. ಅಂದ್ರ ನಾವೂ ನೋಡಿರಬೇಕು. ಅದಕ್ಕ ಹಳೇ ಮನಿ ಇದ್ರ ಸಂಚಕಾರ ಕೊಡೊ ಮೊದಲ, ಮಳಿ ಬಿದ್ದ ಮರದಿನಾ ಒಮ್ಮೆ ಹೋಗ್ರಿ. ಮನಿಯೆಲ್ಲಾ ಹಳೇ ಬಣ್ಣಾ ಇದ್ದು ಒಂದು ಮೂಲಿಗೆ ಮಾತ್ರ ಹೊಸಾ ಬಣ್ಣಾ ಬಡದಿದ್ರ ಯಾಕ ಅಂತ ಕೇಳ್ರಿ. ಗಿಲಾವು ಬಡದು ನೋಡ್ರಿ, ಸಪ್ಪಳ ಕೇಳಿಸ್ತದ. ಬಚ್ಚಲ ಆ ಕಡಿ ಗ್ವಾಡಿ ಮುಟ್ಟಿ ನೋಡ್ರಿ. ಕಿಡಕಿ ಮೂಲಿಯಿಂದ ಅಡ್ಡಾಡಾ ಹೋದ ಬಿರಕು ಇದ್ರ ಅದು ಬರೇ ಗಿಲಾವಿಂದೋ, ಎರಿ ಮಣ್ಣಾಗಿನ ಪಾಯಾದ್ದೋ ಅಂತ ಹೇಳಲಿಕ್ಕೆ ಇಂಜಿನಿಯರನ್ನ ಬೇಕು. ಬೆಂಗಳೂರಾಗ ಈಗ ಈ ಕೆಲಸಕ್ಕನ ಕಂಪನಿಗೋಳು ಆಗ್ಯಾವ. ನಮ್ಮ ಊರಾಗಾದ್ರ ಮಾರೋವ್ರಿಗೂ ಏಜೆಂಟರಿಗೂ ಸಂಬಂಧ ಇಲ್ಲದ ಒಬ್ಬ ಸಿವಿಲ್ ಇಂಜಿನಿಯರನ್ನ ಫೀ ಕೊಟ್ಟು ಕರಸ್ರಿ, ಕಂಡದ್ದನ್ನ ಕಾಗದದ ಮ್ಯಾಲೆ ಬರಸಿಕೊಳ್ರಿ. ಅವರೂ ಗ್ವಾಡಿ ಒಡದು ನೋಡಂಗಿಲ್ಲ, ಅಮೇರಿಕಾದಾಂವನೂ ನೋಡಂಗಿಲ್ಲ. ಕಣ್ಣಿಗೆ ಕಾಣೋದಷ್ಟ ಹೇಳ್ತಾರ.

ಹೊಸಾ ಅಪಾರ್ಟ್‌ಮೆಂಟ್ ತೊಗೊಳೊರಿಗೆ ರೇರಾ ಅದ. 2016ರ ಕಾಯ್ದೆ, ನಮ್ಮ ರಾಜ್ಯದ ನಿಯಮಾ 2017ರಾಗ ಬಂದ್ವು. ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗ ಕಟ್ಟಡದ ರಚನೆದಾಗರ, ಕೆಲಸದ ಗುಣಮಟ್ಟದಾಗರ ದೋಷ ಕಂಡು ನೀವು ತಿಳಿಸಿದ್ರ, ಬಿಲ್ಡರ್ 30 ದಿನದಾಗ ತನ್ನ ಖರ್ಚಿಲೆ ಸರಿ ಮಾಡಿಕೊಡಬೇಕು. ಹಿಂಗಾಗಿ ಪೊಸೆಷನ್ ತೊಗೊಂಡ ತಾರೀಖಿನ ಕಾಗದಾ ಮಂಗಳಸೂತ್ರದ ಡಬ್ಬಿ ಜೊತಿ ಇಡ್ರಿ. ನಾಕೂವರಿ ವರ್ಷ ಆದಾಗ ಒಮ್ಮೆ ಇಂಜಿನಿಯರನ್ನ ಕರಸಿ ಮನಿ ಪೂರಾ ತೋರಸಿ, ದೋಷ ಇದ್ರ ಫೋಟೋ ಹಚ್ಚಿ ಬರದು ಕೊಡ್ರಿ, ತಲುಪಿದ್ದಕ್ಕ ಸಹಿ ತೊಗೊಳ್ರಿ. ಬರೇ ಫೋನ್ ಮ್ಯಾಲೆ ಹೇಳಿದ್ರ ಪುರಾವೆ ಉಳಿಯಂಗಿಲ್ಲ.